ದಾರಿಯ ಬದಿಯ ದಾಸೋಹ

ದಾನವೆಂಬುದು ಬೇರೆ, ದಾಸೋಹವೆಂಬುದು ಬೇರೆ. ಎರಡರಲ್ಲಿಯೂ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಪದಾರ್ಥವು ಸಲ್ಲುವುದಾದರೂ ಕೊಡುವವನ ಅಂತರಂಗದ ವ್ಯಾಪಾರವು ಒಂದೇ ಬಗೆಯದಾಗಿರುವುದಿಲ್ಲ. ದಾನಿಯು ತಾನು ಕೊಟ್ಟೆನೆಂದು ನೆನೆಯುತ್ತಾನೆ. ಪಡೆದವನು ತನಗೆ ಋಣಿಯಾದನೆಂದು ಎಣಿಸುತ್ತಾನೆ. ಆ ಎಣಿಕೆಯ ಫಲವನ್ನು ಇಹದಲ್ಲಿ ಕೀರ್ತಿಯಾಗಿಯೂ ಪರದಲ್ಲಿ ಪುಣ್ಯವಾಗಿಯೂ ನಿರೀಕ್ಷಿಸುತ್ತಾನೆ. ದಾಸೋಹಿಯಾದರೋ ತನ್ನ ಬಳಿಯಲ್ಲಿದ್ದುದು ತನ್ನದಲ್ಲವೆಂದೂ, ಬಂದವನು ಅದನ್ನು ಸ್ವೀಕರಿಸಿದುದರಿಂದ ತಾನೇ ಉಪಕೃತನಾದೆನೆಂದೂ ತಿಳಿಯುತ್ತಾನೆ. ‘ದಾಸೋಹಂ’ ಎಂಬ ಪದಕ್ಕೆ ‘ನಾನು ದಾಸನು’ ಎಂದರ್ಥ. ಕಾಯಕದಿಂದ ದೊರೆತುದನ್ನು ದಾಸೋಹಕ್ಕೆ ಸಲ್ಲಿಸಬೇಕೆಂದು ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ವಿಧಿಸಿದಾಗ, ಹಸಿದವನ ಹೊಟ್ಟೆ ತುಂಬಬೇಕೆಂಬುದರ ಜೊತೆಗೆ ಉಣಿಸುವವನ ಅಹಂಕಾರವು ಬರಿದಾಗಬೇಕೆಂಬುದೂ ಅವರ ಉದ್ದೇಶವಾಗಿದ್ದಿತು.

ಹೇಳುವುದಕ್ಕೆ ಸುಲಭವಾದ ಈ ತತ್ತ್ವವು ನಡೆಯಲ್ಲಿ ಬಹು ಕಠಿಣವಾದುದು. ಧನದ ಅಹಂಕಾರವನ್ನು ಬಿಟ್ಟವನಿಗೆ ಸೇವೆಯ ಅಹಂಕಾರವು ಅಂಟಿಕೊಳ್ಳುತ್ತದೆ. ‘ನಾನಿಲ್ಲದಿದ್ದರೆ ಇವನ ಗತಿಯೇನು?’ ಎಂಬ ಭಾವವು ಸೇವಕನ ವೇಷವನ್ನೇ ತೊಟ್ಟು ಒಡೆಯನಂತೆ ಮನಸ್ಸಿನ ಗದ್ದುಗೆಯನ್ನೇರುತ್ತದೆ. ಆದುದರಿಂದ ಸದ್ಭಕ್ತನು ವಿಚಾರಿಸಬೇಕಾದ ಪ್ರಶ್ನೆಯೊಂದಿದೆ. ಅನ್ಯನಿಗೆ ನೆರವಾಗುವುದೆಂದರೆ ಎಲ್ಲಿಯವರೆಗೆ ನೆರವಾಗುವುದು? ಯಾವ ಎಡೆಯಲ್ಲಿ ನೆರವು ನಿಲ್ಲಬೇಕು? ಯಾವ ಎಡೆಯಲ್ಲಿ ‘ಕೊಡೆನು’ ಎನ್ನುವುದೇ ಸೇವೆಯಾಗುವುದು?

ಈ ಪ್ರಶ್ನೆಗೆ ದಾರಿ ನಡೆಯುವವರ ಸೇವೆಯು ಒಳ್ಳೆಯ ಒರೆಗಲ್ಲಾಗಿದೆ. ಅಂಥ ಸೇವೆಯು ನಮ್ಮ ನಾಡಿಗೆ ಹೊಸದೇನೂ ಅಲ್ಲ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೊದಲಾದ ಜಿಲ್ಲೆಗಳಿಂದ ಯುಗಾದಿಯ ಹೊತ್ತಿಗೆ ಶ್ರೀಶೈಲದ ಮಲ್ಲಿಕಾರ್ಜುನನ ದರ್ಶನಕ್ಕಾಗಿ ಸಹಸ್ರಾರು ಭಕ್ತರು ಕಂಬಿಯನ್ನು ಹೊತ್ತು ನೂರಾರು ಮೈಲಿಗಳನ್ನು ಕಾಲ್ನಡಿಗೆಯಲ್ಲಿ ಕ್ರಮಿಸುವುದನ್ನು ಎಲ್ಲರೂ ಬಲ್ಲರು. ದಾರಿಯುದ್ದಕ್ಕೂ ಹಳ್ಳಿಯ ಗೃಹಸ್ಥರು ನೆರಳು ಹಾಕಿ ನೀರು, ಮಜ್ಜಿಗೆ, ರೊಟ್ಟಿಗಳನ್ನು ಸಿದ್ಧಪಡಿಸಿ ಕಾದಿರುತ್ತಾರೆ. ಬೊಕ್ಕೆಯೆದ್ದ ಪಾದಗಳಿಗೆ ಎಣ್ಣೆ ತಿಕ್ಕುತ್ತಾರೆ. ಎಣ್ಣೆ ತಿಕ್ಕಿದಾತನು ಯಾತ್ರಿಕನ ಊರನ್ನು ಕೇಳಿದರೂ ಕೇಳಬಹುದು, ಕೇಳದೆಯೂ ಇರಬಹುದು. ಮರುದಿನ ಯಾತ್ರಿಕನು ಮುಂದಿನ ಊರಿನಲ್ಲಿರುತ್ತಾನೆ. ಸೇವಕನು ತನ್ನ ಹೊಲದಲ್ಲಿರುತ್ತಾನೆ. ಇಬ್ಬರೂ ಮತ್ತೆ ಸಂಧಿಸುವುದಿಲ್ಲ.

ಭಕ್ತಿಯ ಹೆಸರೇ ಇಲ್ಲದ ಒಂದು ಎಡೆಯಲ್ಲಿ, ಸಾಗರದಾಚೆಯ ಒಂದು ದೇಶದಲ್ಲಿ, ಇದೇ ಬಗೆಯ ಸೇವೆಯು ನಡೆಯುತ್ತಿರುವುದನ್ನು ಕಂಡರೆ ವಿಚಾರಕ್ಕೆ ಹೆಚ್ಚಿನ ಬೆಳಕು ದೊರೆಯುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದಲ್ಲಿ ಸಿಯೆರಾ ನೆವಾಡ ಎಂಬ ಪರ್ವತಶ್ರೇಣಿಯಿದೆ. ಅಲ್ಲಿ ಪ್ರತಿವರ್ಷ ಜೂನ್ ತಿಂಗಳ ಕೊನೆಯಲ್ಲಿ ‘ವೆಸ್ಟರ್ನ್ ಸ್ಟೇಟ್ಸ್’ ಎಂಬ ನೂರು ಮೈಲಿಯ ಓಟವು ನಡೆಯುತ್ತದೆ. ಶನಿವಾರ ಬೆಳಗಿನ 5 ಗಂಟೆಗೆ ಒಲಿಂಪಿಕ್ ವ್ಯಾಲಿಯಿಂದ ಹೊರಟವರು ಕಾಡು, ಕಣಿವೆ, ಹೊಳೆಗಳನ್ನು ದಾಟಿ, ಭಾನುವಾರ ಬೆಳಗಿನ 11 ಗಂಟೆಯೊಳಗೆ, ಎಂದರೆ 30 ಗಂಟೆಗಳಲ್ಲಿ, ಆಬರ್ನ್ ಎಂಬ ಊರಿನ ಶಾಲೆಯ ಮೈದಾನವನ್ನು ಸೇರಬೇಕು. ದಾರಿಯಲ್ಲಿ ಹತ್ತಬೇಕಾದ ಏರುಗಳೆಲ್ಲ ಕೂಡಿ ಸುಮಾರು 18,000 ಅಡಿ. ಇಳಿಯಬೇಕಾದ ಇಳಿಜಾರುಗಳೆಲ್ಲ ಕೂಡಿ ಸುಮಾರು 23,000 ಅಡಿ. ಎತ್ತರದ ಕಣಿವೆಬಾಯಿಗಳಲ್ಲಿ ಕೆಲವು ವರ್ಷ ಹಿಮವಿರುತ್ತದೆ. ಅದೇ ದಿನದ ಮಧ್ಯಾಹ್ನ ತಗ್ಗಿನ ಕಣಿವೆಗಳಲ್ಲಿ ನಮ್ಮ ರಾಯಚೂರಿನ ಬೇಸಗೆಯನ್ನು ನೆನಪಿಸುವ ಉರಿಯಿರುತ್ತದೆ.

ಈ ಓಟದ ಹುಟ್ಟು ವಿಚಿತ್ರವಾದುದು. ಆ ದಾರಿಯು ಮೊದಲು ಕುದುರೆಸವಾರರ ಪಂದ್ಯದ ದಾರಿಯಾಗಿದ್ದಿತು. 1974 ರಲ್ಲಿ ಗಾರ್ಡಿ ಏನ್ಸ್ಲೇ ಎಂಬಾತನು ಕುದುರೆಯಿಲ್ಲದೆಯೇ ಕುದುರೆಗಳೊಡನೆ ಓಡಿ, 24 ಗಂಟೆಗಳೊಳಗಾಗಿ ಗುರಿ ಮುಟ್ಟಿದನು. 1977 ರಲ್ಲಿ ಕಾಲೋಟದ ಪಂದ್ಯವು ಕ್ರಮಬದ್ಧವಾಗಿ ಆರಂಭವಾಯಿತು. ಗಡುವಿನೊಳಗೆ ಮುಗಿಸಿದವರಿಗೆ ದೊರೆಯುವುದು ನಡುಪಟ್ಟಿಗೆ ಹಾಕುವ ಒಂದು ಬಕಲು; 24 ಗಂಟೆಗಳೊಳಗೆ ಮುಗಿಸಿದವರಿಗೆ ಬೆಳ್ಳಿಯದು, ಆ ಬಳಿಕ 30 ಗಂಟೆಗಳೊಳಗೆ ಮುಗಿಸಿದವರಿಗೆ ಕಂಚಿನದು.

ಓಡುವವರು ಸುಮಾರು 370 ಮಂದಿ. ಅವರ ಸೇವೆಗೆ ನಿಲ್ಲುವ ಸ್ವಯಂಸೇವಕರು ಸುಮಾರು 1,500 ಮಂದಿ. ಒಬ್ಬ ಓಟಗಾರನಿಗೆ ನಾಲ್ವರು ಸೇವಕರು ಎಂದಂತಾಯಿತು. ಇವರಿಗೆ ಸಂಬಳವಿಲ್ಲ, ಬಕಲಿಲ್ಲ. ಪತ್ರಿಕೆಗಳಲ್ಲಿ ಅವರ ಹೆಸರುಗಳು ಅಚ್ಚಾಗುವುದಿಲ್ಲ. ದಾರಿಯಲ್ಲಿ ಸುಮಾರು 20 ಎಡೆಗಳಲ್ಲಿ, ನಮ್ಮ ಹಿರಿಯರು ಅರವಟ್ಟಿಗೆಯೆಂದು ಕರೆಯುತ್ತಿದ್ದುದನ್ನು ಹೋಲುವ ಉಪಚಾರದ ಕಟ್ಟೆಗಳನ್ನು ಅವರು ನಡೆಸುತ್ತಾರೆ. ಓಟಕ್ಕೆ ಮುಂಚೆಯೇ ಹೋಗಿ ಬಿದ್ದ ಮರಗಳನ್ನು ಕಡಿದು ದಾರಿ ಬಿಡಿಸುವವರು ಕೆಲವರು. ದಾರಿ ತಪ್ಪದಂತೆ ಗಿಡಗಳಿಗೆ ಬಣ್ಣದ ಪಟ್ಟಿಗಳನ್ನು ಕಟ್ಟಿ, ಓಟವು ಮುಗಿದ ಮೇಲೆ ಅವನ್ನೆಲ್ಲ ಬಿಚ್ಚಿ ತರುವವರು ಕೆಲವರು. ನೀರಿನ ಬುದ್ದಲಿಗಳನ್ನು ತುಂಬುವವರು, ಬಿಸಿಲಿಗೆ ಬಸವಳಿದವನ ಟೋಪಿಯಲ್ಲಿ ಮಂಜುಗಡ್ಡೆಯನ್ನಿಡುವವರು, ಇರುಳಿನಲ್ಲಿ ಬಿಸಿ ಸಾರನ್ನೂ ಉಪ್ಪು ಹಚ್ಚಿದ ಬೇಯಿಸಿದ ಆಲೂಗಡ್ಡೆಯನ್ನೂ ನೀಡುವವರು, ಬಂದವರ ಅಂಕೆಯನ್ನು ಬರೆದುಕೊಂಡು ರೇಡಿಯೋ ಮೂಲಕ ಮುಂದಿನ ಕಟ್ಟೆಗೆ ತಿಳಿಸುವವರು, ವಾಂತಿಮಾಡಿಕೊಂಡವನ ಬೆನ್ನು ಸವರುವವರು, ಎಲ್ಲರಿಗಿಂತ ಹಿಂದುಳಿದವನ ಹಿಂದೆ ನಡೆದುಬಂದು ಕಾಡಿನಲ್ಲಿ ಯಾರೂ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳುವವರು, ಹೀಗೆ ಅವರ ಕೆಲಸಗಳು ಬಹುವಿಧವಾಗಿವೆ.

ಇವುಗಳಲ್ಲಿ ಒಂದು ಕೆಲಸವನ್ನು ವಿಶೇಷವಾಗಿ ಹೇಳಬೇಕು. ಎಪ್ಪತ್ತೆಂಟನೆಯ ಮೈಲಿಯ ಸಮೀಪದಲ್ಲಿ ರಕಿ ಚಕಿ ಎಂಬ ಎಡೆಯಲ್ಲಿ ಓಟಗಾರರು ಅಮೆರಿಕನ್ ನದಿಯ ಕವಲೊಂದನ್ನು ದಾಟಬೇಕು. ನೀರು ಹೆಚ್ಚಾದ ವರ್ಷಗಳಲ್ಲಿ ದೋಣಿಗಳನ್ನು ಬಳಸುತ್ತಾರೆ. ಉಳಿದ ವರ್ಷಗಳಲ್ಲಿ ದಡದಿಂದ ದಡಕ್ಕೆ ಒಂದು ಹಗ್ಗವನ್ನು ಬಿಗಿದಿರುತ್ತಾರೆ. ಆ ಹಗ್ಗದ ಪಕ್ಕದಲ್ಲಿ ಸ್ವಯಂಸೇವಕರು ಸಾಲಾಗಿ ತಣ್ಣನೆಯ ಹೊಳೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತಿರುತ್ತಾರೆ. ಕಾಲು ಸೋತು ಬಂದವನು ಹಗ್ಗವನ್ನು ಹಿಡಿದು ದಾಟುತ್ತಾನೆ, ಇವರು ಅವನಿಗೆ ಕಲ್ಲೆಲ್ಲಿದೆ, ಗುಣಿಯೆಲ್ಲಿದೆ ಎಂದು ಹೇಳುತ್ತಾರೆ, ಜಾರಿದರೆ ಹಿಡಿಯುತ್ತಾರೆ. ದಾಟಿದವನು ಕತ್ತಲೆಯಲ್ಲಿ ಮುಂದೆ ಹೋಗುತ್ತಾನೆ. ಇವರು ಇನ್ನೊಬ್ಬನಿಗಾಗಿ ಅಲ್ಲಿಯೇ ನಿಲ್ಲುತ್ತಾರೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಜಂಗಮದಾಸೋಹವನ್ನು ನಡೆಸಿದ ನುಲಿಯ ಚಂದಯ್ಯನನ್ನು ಬಲ್ಲ ಶರಣಬಂಧುಗಳಿಗೆ ಈ ಹಗ್ಗದ ಸೇವೆಯ ಹಿರಿಮೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ಒಂದು ಆಕ್ಷೇಪವು ಏಳುತ್ತದೆ. ಅದು ನ್ಯಾಯವಾದ ಆಕ್ಷೇಪವೇ. ಶ್ರೀಶೈಲಕ್ಕೆ ನಡೆಯುವವನು ಭಕ್ತನು. ಅವನಿಗೆ ಮಾಡಿದ ಸೇವೆಯು ಶಿವನಿಗೆ ಸಲ್ಲುತ್ತದೆ. ಹಸಿದವನಿಗೆ ಇಕ್ಕಿದ ಅನ್ನವು ಪ್ರಾಣವನ್ನು ಉಳಿಸುತ್ತದೆ. ಆದರೆ ಉಂಡು ಬಲಿತ ಶರೀರವುಳ್ಳವನು, ಶುಲ್ಕ ತೆತ್ತು, ತನ್ನ ಇಚ್ಛೆಯಿಂದಲೇ ಶರೀರವನ್ನು ದಂಡಿಸಿಕೊಳ್ಳಲು ಹೊರಟಾಗ, ಅವನ ಬಾಯಿಗೆ ನೀರು ಹನಿಸುವುದು ದಾಸೋಹವೇ? ಲೋಕದಲ್ಲಿ ಹಸಿದವರು ಅಸಂಖ್ಯರಾಗಿರುವಾಗ ಸಾವಿರದೈನೂರು ಮಂದಿ ಒಂದು ಆಟಕ್ಕಾಗಿ ಇರುಳೆಲ್ಲ ಎಚ್ಚರವಿರುವುದು ಶ್ರಮದ ಅಪವ್ಯಯವಲ್ಲವೇ?

ಇದಕ್ಕೆ ಸಮಾಧಾನವನ್ನು ಎರಡು ಭಾಗಗಳಾಗಿ ಹೇಳಬೇಕಾಗುತ್ತದೆ. ಮೊದಲನೆಯದಾಗಿ, ಓಟಗಾರನನ್ನು ಜಂಗಮನೆಂದು ಕರೆಯುವುದು ಅತ್ಯುಕ್ತಿಯಾದೀತು. ಪಂದ್ಯವು ಯಾತ್ರೆಯಲ್ಲ, ಬಕಲು ಪ್ರಸಾದವಲ್ಲ. ಅನ್ನದ ಅಗತ್ಯವುಳ್ಳವನ ಮುಂದೆ ಆಟದ ಅಗತ್ಯವು ನಿಲ್ಲಲಾರದು. ತುಮಕೂರಿನ ಸಿದ್ಧಗಂಗೆಯಲ್ಲಿ ಶ್ರೀ ಶಿವಕುಮಾರ ಸ್ವಾಮಿಗಳು 2019 ರಲ್ಲಿ ಲಿಂಗೈಕ್ಯರಾಗುವವರೆಗೂ ದಶಕಗಳ ಕಾಲ ನಡೆಸಿದ ಅನ್ನ, ಅಕ್ಷರ, ಆಶ್ರಯಗಳ ತ್ರಿವಿಧ ದಾಸೋಹವು ಯಾವ ಓಟದ ಸೇವೆಗೂ ಹೋಲಿಕೆಯಾಗಲಾರದಷ್ಟು ಎತ್ತರದಲ್ಲಿದೆ. ಪರ್ವತದ ಮೇಲೆ ಅಪರಿಚಿತನಿಗೆ ಸಾರು ಬಡಿಸಿ ಬಂದವನು ತನ್ನ ನೆರೆಮನೆಯ ಹಸಿವನ್ನು ಕಾಣದೆ ಬಾಗಿಲಿಕ್ಕಿಕೊಂಡರೆ ಅವನ ಸೇವೆಯು ವಿನೋದವೆನ್ನಿಸಿಕೊಳ್ಳುವುದು.

ಎರಡನೆಯದಾಗಿ, ಸೇವೆಯ ಮೌಲ್ಯವನ್ನು ಪಡೆಯುವವನ ದೈನ್ಯದಿಂದಲೇ ಅಳೆಯುವುದಾದರೆ ದಾಸೋಹವು ಮತ್ತೆ ದಾನದ ಮಟ್ಟಕ್ಕಿಳಿಯುತ್ತದೆ. ಭಕ್ತನ ಮನೆಗೆ ಬರುತ್ತಿದ್ದ ಜಂಗಮನು ಭಿಕ್ಷುಕನಾಗಿ ಬರುತ್ತಿರಲಿಲ್ಲ. ಭಕ್ತನು ಮರುಕದಿಂದ ಅವನಿಗೆ ಇಕ್ಕುತ್ತಿರಲಿಲ್ಲ. ಮರುಕದಲ್ಲಿ ಮೇಲು-ಕೀಳುಗಳು ಸುಲಭವಾಗಿ ನುಸುಳುತ್ತವೆ. ದೀನನಲ್ಲದವನಿಗೆ, ಪ್ರತಿಯಾಗಿ ಏನನ್ನೂ ಕೊಡದವನಿಗೆ, ನಾಳೆ ತನ್ನನ್ನು ನೆನೆಯದವನಿಗೆ ಸೇವೆ ಸಲ್ಲಿಸುವಾಗ ಸೇವಕನ ಮನಸ್ಸಿಗೆ ಹಿಗ್ಗಲು ಎಡೆಯೇ ಇರುವುದಿಲ್ಲ. ಪುಣ್ಯವೂ ಬಾರದು, ಕೀರ್ತಿಯೂ ಬಾರದು. ಉಳಿಯುವುದು ಕೆಲಸವೊಂದೇ. ಆದುದರಿಂದ ಇಂಥ ಸೇವೆಯು ಹಸಿದವನ ಸೇವೆಗಿಂತ ಶ್ರೇಷ್ಠವಲ್ಲವಾದರೂ, ಅಹಂಕಾರವನ್ನು ಕಳೆಯುವ ಅಭ್ಯಾಸಶಾಲೆಯಾಗಲು ಯೋಗ್ಯವಾದುದು.

ಶರಣರು ತನು, ಮನ, ಧನಗಳ ದಾಸೋಹವನ್ನು ಹೇಳಿದ್ದಾರೆ. ಇವುಗಳ ತಾರತಮ್ಯವು ಆ ಪರ್ವತದ ಕಟ್ಟೆಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಧನವನ್ನು ಕೊಡುವುದು ಸುಲಭ. ಒಂದು ಬಂಡಿ ಮಂಜುಗಡ್ಡೆಯ ಬೆಲೆಯನ್ನು ಯಾವ ವರ್ತಕನಾದರೂ ತೆತ್ತಾನು. ತನುವನ್ನು ಕೊಡುವುದು ಅದಕ್ಕಿಂತ ಕಷ್ಟ. ಇರುಳಿನ ಮೂರನೆಯ ಜಾವದಲ್ಲಿ ನದಿಯ ನೀರಿನಲ್ಲಿ ನಿಲ್ಲುವುದಕ್ಕೆ ಹಣವು ಸಾಲದು, ಮೈಯೇ ಬೇಕು. ಮನವನ್ನು ಕೊಡುವುದು ಎಲ್ಲಕ್ಕಿಂತ ಕಷ್ಟವಾದುದು. ಏಕೆಂದರೆ ಮನವನ್ನು ಕೊಡುವುದೆಂದರೆ ತನ್ನ ಇಚ್ಛೆಯನ್ನು ಹಿಂದೆಗೆದು, ಎದುರಿಗಿರುವವನ ವ್ರತವು ಅವನದಾಗಿಯೇ ಉಳಿಯುವಂತೆ ನಡೆದುಕೊಳ್ಳುವುದು.

ಈ ಕಷ್ಟವು ಎಂಥದೆಂಬುದಕ್ಕೆ 2006 ರಲ್ಲಿ ಅದೇ ಓಟದಲ್ಲಿ ನಡೆದ ಸಂಗತಿಯು ಸಾಕ್ಷಿಯಾಗಿದೆ. ಆ ವರ್ಷ ಬ್ರಯನ್ ಮಾರಿಸನ್ ಎಂಬ ತರುಣನು ನೂರು ಮೈಲಿಗಳನ್ನು ಎಲ್ಲರಿಗಿಂತ ಮುಂದಾಗಿ ಕ್ರಮಿಸಿ ಆಬರ್ನಿನ ಮೈದಾನವನ್ನು ಪ್ರವೇಶಿಸಿದನು. ಗುರಿಯು ಇನ್ನು ಕೆಲವು ನೂರು ಗಜಗಳಷ್ಟೇ ಉಳಿದಿದ್ದಾಗ ಅವನ ಶಕ್ತಿಯು ಉಡುಗಿತು. ಅವನು ಕುಸಿದನು, ಎದ್ದನು, ಮತ್ತೆ ಕುಸಿದನು. ಅವನೊಡನೆ ಬಂದಿದ್ದ ಸ್ನೇಹಿತರು ಆ ದೃಶ್ಯವನ್ನು ಸಹಿಸಲಾರದೆ ಅವನನ್ನು ಎತ್ತಿ, ಆನಿಸಿಕೊಂಡು, ಗೆರೆಯನ್ನು ದಾಟಿಸಿದರು. ಎಲ್ಲರಿಗಿಂತ ಮೊದಲು ಗೆರೆ ದಾಟಿದ ಅವನನ್ನು, ಅನ್ಯರ ಆಸರೆಯಿಂದ ದಾಟಿದನೆಂಬ ಕಾರಣಕ್ಕಾಗಿ, ಪಂದ್ಯದಿಂದ ತೆಗೆದುಹಾಕಬೇಕಾಯಿತು.

ಸ್ನೇಹಿತರನ್ನು ದೂಷಿಸುವವರು ಯಾರು? ಕಣ್ಣೆದುರಿಗೆ ಬಿದ್ದವನನ್ನು ಎತ್ತದಿರುವುದು ಮನುಷ್ಯಧರ್ಮವೇ? ಪ್ರಾಣಕ್ಕೆ ಅಪಾಯವಿದ್ದಲ್ಲಿ ಎತ್ತಲೇಬೇಕು. ಅಲ್ಲಿ ಪಂದ್ಯದ ವಿಚಾರವು ಗೌಣ. ಆದರೆ ಬಿದ್ದವನನ್ನು ಎತ್ತಿ ವೈದ್ಯನ ಬಳಿಗೆ ಒಯ್ಯುವುದು ಒಂದು; ಎತ್ತಿ ಅವನ ಗುರಿಯನ್ನು ಅವನ ಪರವಾಗಿ ಮುಟ್ಟಿಸುವುದು ಇನ್ನೊಂದು. ಮೊದಲನೆಯದು ಅವನ ಪ್ರಾಣವನ್ನು ಕಾಯುತ್ತದೆ. ಎರಡನೆಯದರಲ್ಲಿ ಸೇವಕನಿಗೆ ಅರಿವಿಲ್ಲದೆಯೇ ಅವನ ಪ್ರೀತಿಯು ಓಟಗಾರನ ಓಟವನ್ನು ಕಸಿದುಕೊಳ್ಳುತ್ತದೆ. ತೊಂಬತ್ತೊಂಬತ್ತು ಮೈಲಿಗಳನ್ನು ತನ್ನ ಕಾಲಿನಿಂದ ಓಡಿದವನಿಗೆ ಕೊನೆಯ ಗಜಗಳನ್ನು ಬೇರೆಯವರ ಕಾಲು ಕೊಟ್ಟಿತು. ಅದರ ಫಲವಾಗಿ ಮೊದಲಿನ ಮೈಲಿಗಳೂ ಅವನ ಲೆಕ್ಕಕ್ಕೆ ಸೇರದೆ ಹೋದವು.

ಗೃಹಸ್ಥರ ಮನೆಗಳಲ್ಲಿ ಇಂಥದು ದಿನಬೆಳಗಾದರೆ ನಡೆಯುತ್ತಿರುತ್ತದೆ. ಮಗನು ತಪ್ಪುಮಾಡಿ ಕಲಿಯಬೇಕಾದುದನ್ನು ತಂದೆಯು ತಾನೇ ಮಾಡಿಮುಗಿಸುತ್ತಾನೆ. ಸೊಸೆಯ ಕೈಯಲ್ಲಿ ಹಿಟ್ಟು ಹದಕ್ಕೆ ಬರುವ ಮುಂಚೆಯೇ ಅತ್ತೆಯು ಕೊಣಮಿಗೆಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾಳೆ. ಪ್ರೀತಿಯಿಂದಲೇ ಹಾಗೆ ಮಾಡುತ್ತಾರೆ. ಆದರೆ ಆ ಪ್ರೀತಿಯೊಳಗೆ ‘ನಾನು ಮಾಡಿದರೇ ಸರಿ’ ಎಂಬ ಅಹಂಭಾವವು ಬೇರುಬಿಟ್ಟಿರುತ್ತದೆ. ಗುರುವು ಶಿಷ್ಯನಿಗೆ ದೀಕ್ಷೆಯನ್ನು ಕೊಟ್ಟು ಕರಸ್ಥಲಕ್ಕೆ ಇಷ್ಟಲಿಂಗವನ್ನು ದಯಪಾಲಿಸುತ್ತಾನೆ. ಷಟ್‌ಸ್ಥಲದ ಸೋಪಾನವನ್ನು ತೋರಿಸುತ್ತಾನೆ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಮೆಟ್ಟಿಲುಗಳನ್ನು ಶಿಷ್ಯನೇ ಏರಬೇಕು. ಶಿಷ್ಯನ ಪರವಾಗಿ ಏರಿಬಿಡುವ ಗುರುವು ಶರಣಪರಂಪರೆಯಲ್ಲಿಲ್ಲ.

ಕೊಡುವುದಕ್ಕೆ ಮಿತಿಯಿರುವಂತೆ, ಕೊಡದಿರುವುದಕ್ಕೂ ಒಂದು ಕಾಲವಿದೆ. ಆ ಓಟದ ಪ್ರತಿಯೊಂದು ಮುಖ್ಯ ಕಟ್ಟೆಗೂ ಒಂದು ಗಡುವಿದೆ. ಗಡುವು ಮೀರಿ ಬಂದವನನ್ನು ಮುಂದಕ್ಕೆ ಬಿಡಕೂಡದು. ವರ್ಷಗಟ್ಟಲೆ ಅಭ್ಯಾಸಮಾಡಿ, ಚೀಟಿಯೆತ್ತುವಿಕೆಯಲ್ಲಿ ಬಹುಕಾಲ ಕಾದು ಅವಕಾಶವನ್ನು ಪಡೆದವನು ಕೆಲವೇ ನಿಮಿಷಗಳ ವಿಳಂಬದಿಂದ ಕಟ್ಟೆಗೆ ಬಂದು, ಕಣ್ಣೀರು ಸುರಿಸುತ್ತಾ, ‘ಇನ್ನೊಂದು ಅವಕಾಶ ಕೊಡಿ’ ಎಂದು ಬೇಡುತ್ತಾನೆ. ಅವನ ಕೈಗೆ ಕಟ್ಟಿದ ಗುರುತಿನ ಪಟ್ಟಿಯನ್ನು ಕತ್ತರಿಸುವ ಕೆಲಸವು ಒಬ್ಬ ಸೇವಕನ ಪಾಲಿಗೆ ಬಂದಿರುತ್ತದೆ. ಆ ಗಳಿಗೆಯಲ್ಲಿ ಅವನಿಗೆ ‘ಆಗಲಿ, ಹೋಗು’ ಎಂದುಬಿಡುವುದು ಅತ್ಯಂತ ಸುಲಭ. ಹಾಗೆಂದರೆ ಓಟಗಾರನು ಕೈಮುಗಿದಾನು. ಸೇವಕನು ತನ್ನ ಕಣ್ಣಿನಲ್ಲಿ ತಾನೇ ದಯಾಳುವಾದಾನು. ಆದರೆ ಮುಂದಿನ ಕಣಿವೆಯಲ್ಲಿ, ಕಟ್ಟೆಗಳು ಮುಚ್ಚಿದ ಮೇಲೆ, ಬಳಲಿದವನು ಒಬ್ಬನೇ ಬಿದ್ದರೆ ಅವನನ್ನು ನೋಡುವವರಾರು? ದಯಾಳುವೆನ್ನಿಸಿಕೊಳ್ಳುವ ಆಸೆಯನ್ನು ತ್ಯಜಿಸಿದವನು ಮಾತ್ರ ಅಲ್ಲಿ ನಿಜವಾದ ದಯೆಯನ್ನು ತೋರಬಲ್ಲನು. ಅವನು ಪಟ್ಟಿಯನ್ನು ಕತ್ತರಿಸಿ, ಬೈಗುಳವನ್ನು ಕೇಳಿ, ಬೈದವನಿಗೇ ಕಂಬಳಿ ಹೊದಿಸಿ, ಕುಳ್ಳಿರಿಸಿ, ಬಿಸಿ ಸಾರನ್ನು ಕೊಡಬೇಕು.

ಇಂಥ ಸೇವಕರಿಲ್ಲದಿದ್ದರೆ ಏನಾಗುವುದೆಂಬುದನ್ನು ಲೋಕವು ಒಮ್ಮೆ ಕಂಡಿತು. 2021 ನೆಯ ಇಸವಿ ಮೇ 22 ರಂದು ಚೀನಾ ದೇಶದ ಗಾನ್ಸು ಪ್ರಾಂತದಲ್ಲಿ, ಹಳದಿ ನದಿಯ ತೀರದ ಬೆಟ್ಟಗಳಲ್ಲಿ 100 ಕಿಲೋಮೀಟರಿನ ಓಟವು ನಡೆಯಿತು. ಓಡಹೊರಟವರು 172 ಮಂದಿ. ಹಗಲಿನಲ್ಲಿ ಬಿರುಗಾಳಿ, ಆಲಿಕಲ್ಲು, ಕೊರೆಯುವ ಮಳೆ ಒಮ್ಮೆಲೇ ಎರಗಿದುವು. ಓಟಗಾರರಲ್ಲಿ ಹೆಚ್ಚಿನವರು ತೆಳುವಾದ ಉಡುಪಿನಲ್ಲಿದ್ದರು. ಅತ್ಯಂತ ಕಡಿದಾದ ಏರಿನ ಮೇಲಿದ್ದ ಕಟ್ಟೆಯಲ್ಲಿ, ಅಲ್ಲಿಗೆ ಸಾಮಗ್ರಿ ಸಾಗಿಸುವುದು ಕಷ್ಟವೆಂಬ ಕಾರಣದಿಂದ, ಅನ್ನನೀರುಗಳ ಏರ್ಪಾಡಿರಲಿಲ್ಲ. ಎಲ್ಲಿ ನೆರವು ಅತ್ಯಗತ್ಯವಾಗಿದ್ದಿತೋ ಅಲ್ಲಿಯೇ ಅದು ಇಲ್ಲವಾಯಿತು. 21 ಮಂದಿ ಚಳಿಯಿಂದ ಸೆಟೆದು ಪ್ರಾಣ ಬಿಟ್ಟರು.

ಆ ದಿನ ಅದೇ ಬೆಟ್ಟದಲ್ಲಿ ಒಬ್ಬ ಕುರಿಗಾಹಿಯಿದ್ದನು. ಅವನು ಪಂದ್ಯದ ಸ್ವಯಂಸೇವಕನಲ್ಲ. ಅವನನ್ನು ಯಾರೂ ನೇಮಿಸಿರಲಿಲ್ಲ. ಮಳೆಯಿಂದ ತಪ್ಪಿಸಿಕೊಳ್ಳಲು ತಾನು ಆಶ್ರಯಿಸಿದ್ದ ಗುಹೆಗೆ ಅವನು ನಡುಗುತ್ತಿದ್ದ ಓಟಗಾರರನ್ನು ಕರೆತಂದನು, ಬೆಂಕಿ ಹೊತ್ತಿಸಿದನು, ಹೊದಿಕೆ ಕೊಟ್ಟನು. ಹೀಗೆ ಆರು ಮಂದಿಯ ಪ್ರಾಣವುಳಿಯಿತು. ಅವನ ಗುಹೆಯಲ್ಲಿ ಹೊದಿಕೆಯೂ ಕಟ್ಟಿಗೆಯೂ ಇದ್ದುದು ಕುರಿ ಕಾಯುವ ಕಾಯಕದ ಕಾರಣದಿಂದ. ಕಾಯಕದಲ್ಲಿ ನಿರತನಾದವನ ಬಳಿಯಲ್ಲಿ ದಾಸೋಹಕ್ಕೆ ಬೇಕಾದುದು ತಾನಾಗಿಯೇ ಕೂಡಿಬಂದಿರುತ್ತದೆಂಬುದನ್ನು ಶರಣರು ಬದುಕಿ ತೋರಿಸಿದರು. ಅವರ ಹೆಸರನ್ನೇ ಕೇಳದ ಒಬ್ಬ ಕುರಿಗಾಹಿಯು ಅದನ್ನು ಆ ಮಧ್ಯಾಹ್ನ ನಡೆದು ತೋರಿಸಿದನು.

ಇನ್ನೊಂದು ಸಂಶಯವನ್ನು ಪರಿಹರಿಸಬೇಕಾಗಿದೆ. ಕ್ಯಾಲಿಫೋರ್ನಿಯದ ಓಟದಲ್ಲಿ ಭಾಗವಹಿಸುವ ಪ್ರತಿಯೊಬ್ಬನೂ ಬೇರೊಂದು ಓಟದಲ್ಲಿ ಸೇವಕನಾಗಿಯೋ, ಕಾಡುದಾರಿಗಳನ್ನು ದುರಸ್ತಿಪಡಿಸುವ ಕೆಲಸದಲ್ಲಿಯೋ 8 ಗಂಟೆಗಳ ಶ್ರಮವನ್ನು ಸಲ್ಲಿಸಿರಬೇಕೆಂಬ ನಿಯಮವಿದೆ. ನಿಯಮಕ್ಕೆ ಕಟ್ಟುಬಿದ್ದು ಮಾಡಿದ ಸೇವೆಯು ಸೇವೆಯೇ? ಗಂಟೆಗಳನ್ನು ಎಣಿಸುತ್ತಾ ನೀರು ಹಂಚಿದವನು ದಾಸೋಹಿಯೇ? ಅಲ್ಲವೆಂದೇ ಹೇಳಬೇಕು. ಫಲಕ್ಕಾಗಿ ಮಾಡಿದುದು ವ್ಯಾಪಾರ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚಿನ ಅಕ್ಕಿಯನ್ನು ತಂದಾಗ, ಅದನ್ನು ಬಿದ್ದಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನು ಕಳುಹಿಸಿದ ಕಥೆಯನ್ನು ಎಲ್ಲರೂ ಬಲ್ಲರು. ಆ ಅಕ್ಕಿಯೂ ದಾಸೋಹಕ್ಕೆಂದೇ ಬಂದಿದ್ದಿತು. ಆದರೂ ಅದರಲ್ಲಿ ಆಸೆಯ ಲೇಶವಿದ್ದಿತೆಂದು ಆ ತಾಯಿಯು ಕಂಡಳು.

ಆದರೆ ನಿಯಮವು ನಿರರ್ಥಕವೆಂದು ಇದರಿಂದ ತೀರ್ಮಾನಿಸಬಾರದು. ಎಳೆಯ ಮಗುವಿನ ಕೈಗೆ ಸೌಟನ್ನು ಕೊಟ್ಟು ಜಂಗಮನ ತಟ್ಟೆಗೆ ಬಡಿಸೆಂದು ತಾಯಿಯು ಹೇಳಿದಾಗ ಮಗುವಿಗೆ ಭಕ್ತಿಯ ಅರ್ಥವು ತಿಳಿದಿರುವುದಿಲ್ಲ. ಕೈಯು ಮೊದಲು ಕಲಿಯುತ್ತದೆ, ಮನಸ್ಸು ಅದನ್ನು ಹಿಂಬಾಲಿಸುತ್ತದೆ. ಒಮ್ಮೆ ಕಟ್ಟೆಯ ಹಿಂದೆ ನಿಂತು ಇರುಳೆಲ್ಲ ನೀರು ತುಂಬಿದವನು, ತಾನು ಓಟಗಾರನಾಗಿ ಬಂದಾಗ ನೀರು ತುಂಬುವವನ ಮುಖವನ್ನು ನೋಡುತ್ತಾನೆ. ಬುದ್ದಲಿಯನ್ನು ಕಸಿದುಕೊಂಡು ಓಡುವುದಿಲ್ಲ. ಸೇವೆಯನ್ನು ಮಾಡುವುದಕ್ಕೆ ಹೇಗೋ ಹಾಗೆಯೇ ಸೇವೆಯನ್ನು ಸ್ವೀಕರಿಸುವುದಕ್ಕೂ ವಿನಯವು ಬೇಕು. ನಿಯಮವು ಈ ಎರಡನೆಯ ವಿನಯವನ್ನಾದರೂ ಕಲಿಸಿದರೆ ಅದು ಸಾರ್ಥಕವೇ ಸರಿ.

ಈ ವಿನಯವು ಗೆದ್ದವನಲ್ಲಿಯೂ ಮೂಡಬಹುದೆಂಬುದಕ್ಕೆ ಒಂದು ನಿದರ್ಶನವಿದೆ. 2015 ರಲ್ಲಿ ರಾಬ್ ಕ್ರಾರ್ ಎಂಬಾತನು ಆ ಓಟವನ್ನು 15 ಗಂಟೆಗಳೊಳಗೆ ಮುಗಿಸಿ ಪ್ರಥಮನಾದನು. ಮರುದಿನ ಬೆಳಿಗ್ಗೆ ಗಡುವು ಮುಗಿಯುವ ಹೊತ್ತಿನಲ್ಲಿ, ಗುನ್‌ಹಿಲ್ಡ್ ಸ್ವಾನ್ಸನ್ ಎಂಬ 70 ವರ್ಷದ ಅಜ್ಜಿಯು ಇನ್ನೂ ದಾರಿಯಲ್ಲಿರುವಳೆಂದು ತಿಳಿಯಿತು. ಕೊನೆಯ ಮೈಲಿಯಲ್ಲಿ ಅವಳೊಡನೆ ಓಡಿದವರಲ್ಲಿ ಆ ವಿಜೇತನೂ ಒಬ್ಬನು. ಹಿಂದಿನ ದಿನವಷ್ಟೇ ನೂರು ಮೈಲಿ ಓಡಿದ ಕಾಲುಗಳಿಗೆ ಸಾಧಾರಣ ಚಪ್ಪಲಿಗಳನ್ನು ಮೆಟ್ಟಿಕೊಂಡೇ ಅವನು ಓಡಿದನು. ಯಾರೂ ಅವಳ ಕೈಹಿಡಿದು ಎಳೆಯಲಿಲ್ಲ, ಬೆನ್ನಿಗೆ ಕೈಕೊಟ್ಟು ನೂಕಲಿಲ್ಲ. ಪಕ್ಕದಲ್ಲಿ ಓಡಿದರು, ಅಷ್ಟೇ. ಅಜ್ಜಿಯು ಮೈದಾನವನ್ನು ಸುತ್ತಿ, 29 ಗಂಟೆ 59 ನಿಮಿಷ 54 ಸೆಕೆಂಡುಗಳಿಗೆ, ಎಂದರೆ ಗಡುವಿಗೆ ಆರು ಸೆಕೆಂಡುಗಳಿರುವಾಗ, ಗೆರೆಯನ್ನು ತನ್ನ ಕಾಲಿನಿಂದಲೇ ದಾಟಿದಳು. ಆ ವಯಸ್ಸಿನಲ್ಲಿ ಆ ಓಟವನ್ನು ಗಡುವಿನೊಳಗೆ ಮುಗಿಸಿದ ಮೊದಲ ಮಹಿಳೆಯು ಅವಳೇ.

2006 ನೆಯ ಘಟನೆಯನ್ನೂ 2015 ನೆಯ ಘಟನೆಯನ್ನೂ ಪಕ್ಕಪಕ್ಕದಲ್ಲಿರಿಸಿ ನೋಡಿದರೆ ಆರಂಭದ ಪ್ರಶ್ನೆಗೆ ಉತ್ತರವು ದೊರೆಯುತ್ತದೆ. ಮೈದಾನವು ಒಂದೇ, ಗೆರೆಯು ಒಂದೇ, ಜೊತೆಗಿದ್ದವರ ಪ್ರೀತಿಯೂ ಒಂದೇ. ಒಂದರಲ್ಲಿ ಪ್ರೀತಿಯು ಅವನ ಹೆಜ್ಜೆಯನ್ನು ತಾನೇ ಇಟ್ಟಿತು. ಇನ್ನೊಂದರಲ್ಲಿ ಅವಳು ಹೆಜ್ಜೆಯಿಡುವವರೆಗೂ ಪಕ್ಕದಲ್ಲಿದ್ದಿತು. ನೀರು, ಅನ್ನ, ಬೆಳಕು, ಹಗ್ಗ, ಒಳ್ಳೆಯ ಮಾತು, ಇವೆಲ್ಲವನ್ನೂ ಸೇವಕನು ಕೊಡಬಹುದು, ಕೊಡಬೇಕು. ಹೆಜ್ಜೆಯೊಂದನ್ನು ಕೊಡಲಾಗದು. ಆ ಮಿತಿಯನ್ನು ದುಃಖವಿಲ್ಲದೆ ಒಪ್ಪಿಕೊಳ್ಳುವುದೇ ಮನದ ದಾಸೋಹವು.

ಇಂದು ಕರ್ನಾಟಕದಲ್ಲಿಯೂ ಇಂಥ ಓಟಗಳು ಆರಂಭವಾಗಿವೆ. ಚಿಕ್ಕಮಗಳೂರು ಸೀಮೆಯ ಕಾಫಿತೋಟಗಳ ನಡುವಿನ ಕಾಲುದಾರಿಗಳಲ್ಲಿ ತರುಣರು ಹಗಲಿರುಳು ಓಡುತ್ತಾರೆ. ಸದ್ಭಕ್ತರ ಮನೆಯ ಮಕ್ಕಳು ಅಲ್ಲಿ ನೀರು ಹಂಚಲು ಹೋಗುವೆವೆಂದರೆ ಹಿರಿಯರು ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಕಾಗಿಲ್ಲ. ಹೋಗಿಬಂದ ಮೇಲೆ ಒಂದೆರಡು ಪ್ರಶ್ನೆಗಳನ್ನು ಕೇಳಿದರೆ ಸಾಕು. ಮೊದಲು ಬಂದವನಿಗೆ ನೀರು ಕೊಟ್ಟಷ್ಟೇ ಆದರದಿಂದ ಕೊನೆಗೆ ಬಂದವನಿಗೂ ಕೊಟ್ಟೆಯಾ? ಕೃತಜ್ಞತೆಯ ಮಾತನ್ನಾಡದೆ ಹೋದವನ ಮೇಲೆ ಮುನಿಸು ಬಂದಿತೇ? ಈ ಪ್ರಶ್ನೆಗಳನ್ನು ಹಿರಿಯರು ತಮಗೂ ಕೇಳಿಕೊಳ್ಳುವುದು ಒಳ್ಳೆಯದು. ಮಠದ ದಾಸೋಹದ ಪಂಕ್ತಿಯಲ್ಲಿ ಬಡಿಸುವಾಗ ಗಣ್ಯರ ಎಲೆಯ ಬಳಿ ಬಾಗುವ ಬೆನ್ನು, ಪಂಕ್ತಿಯ ತುದಿಯಲ್ಲಿ ಕುಳಿತ ಅಪರಿಚಿತನ ಎಲೆಯ ಬಳಿಯೂ ಅಷ್ಟೇ ಬಾಗುವುದೇ? ಜಾತ್ರೆಯ ಸೇವಾಕರ್ತರ ಪಟ್ಟಿಯಲ್ಲಿ ಹೆಸರು ಬಿಟ್ಟುಹೋದರೆ ಮುಂದಿನ ವರ್ಷವೂ ಅದೇ ಉತ್ಸಾಹವು ಇರುವುದೇ?

ಜಂಗಮವೆಂದರೆ ಚಲಿಸುವುದು. ಚಲಿಸುವವನು ಚಲಿಸಬೇಕಾದರೆ ದಾರಿಯ ಬದಿಯಲ್ಲಿ ಯಾರೋ ನಿಂತಿರಬೇಕು. ನಿಂತವನಿಗೆ ಗುರಿಯ ಗೆರೆಯಿಲ್ಲ, ಬಕಲಿಲ್ಲ. ಕೊನೆಯವನು ಹಾದುಹೋದ ಮೇಲೆ ಪಾತ್ರೆ ತೊಳೆದು, ಕಸ ಗುಡಿಸಿ, ಗಿಡಕ್ಕೆ ಕಟ್ಟಿದ ಪಟ್ಟಿಗಳನ್ನು ಬಿಚ್ಚಿ, ತಾನಿದ್ದ ಗುರುತನ್ನು ತಾನೇ ಅಳಿಸಿ ಮನೆಗೆ ಹೋಗುತ್ತಾನೆ. ಹಾಗೆ ಹೋಗುವಾಗ ಅವನ ಮನಸ್ಸಿನಲ್ಲಿ ‘ನಾನು ಮಾಡಿದೆ’ ಎಂಬ ಗುರುತೂ ಉಳಿಯದಿದ್ದರೆ ಅವನ ಆ ಇರುಳು ಶಿವಾರ್ಪಿತವಾಯಿತೆಂದು ತಿಳಿಯಬೇಕು. ಅಂಥ ಇರುಳುಗಳು ಸದ್ಭಕ್ತರೆಲ್ಲರ ಬಾಳಿನಲ್ಲಿಯೂ ಬರಲಿ.